ಸತ್ತರೆ ನಾವು ಹೊಣೆಯಲ್ಲ

ಕಾಗದದಲ್ಲಿ ಏಳು ಸಾಲಿತ್ತು. ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಒಂದು ಸಾಲು. ಕಲ್ಲು ಒಡೆದರೆ ಕೂಲಿ ಮುರಿಯುತ್ತೇವೆ ಅಂತ ಒಂದು. ಎದುರು ಮಾತಾಡಬಾರದು ಅಂತ ಒಂದು. ಹೀಗೆ ಆರು ದಾಟಿದ ಮೇಲೆ ಏಳನೆಯದು: ಕೆಲಸದಲ್ಲಿ ಕೈ ಹೋದರೆ, ಕಾಲು ಹೋದರೆ, ಸತ್ತರೆ ನಾವು ಹೊಣೆಯಲ್ಲ.

ನಾವು ಅಂದರೆ ಆಂಗ್ ಬುನ್‌ಹೋಕ್. ಸುವಾತಾವ್ ಊರಿನ ಕಲ್ಲಂಗಳದ ಧಣಿ. ಇದ್ದವನು ಒಬ್ಬನೇ. ಕಲ್ಲು ನನ್ನದು, ಲಾಭ ನನ್ನದು ಅನ್ನುವಾಗಲೂ ಒಬ್ಬನೇ. ಹೊಣೆಯಿಂದ ಜಾರಿಕೊಳ್ಳುವಾಗ ಮಾತ್ರ ನಾವು.

ಅವನ ಅಂಗಳದಲ್ಲಿ ಮೂವತ್ತಾರು ಹೆಂಗಸರು ಕಲ್ಲು ಹೊರುತ್ತಿದ್ದರು. ಹುಯ್‌ಆನ್ ಸೀಮೆಯಲ್ಲಿ ಗಂಡಸರು ಕಡಲಿಗೆ ಹೋಗುತ್ತಾರೆ, ಉಳಿದವರು ನೆರಳಲ್ಲಿ ಕೂತು ಉಳಿ ಹಿಡಿಯುತ್ತಾರೆ. ಹೊರುವುದು ಹೆಂಗಸರ ಪಾಲು. ಇಬ್ಬರ ಹೆಗಲಿಗೆ ಒಂದು ಅಡ್ಡೆ. ಅಡ್ಡೆಯ ನಡುವೆ ಹಗ್ಗ. ಹಗ್ಗದಲ್ಲಿ ಕಲ್ಲು. ಮುಂದಿನವಳು ದಾರಿ ನೋಡಬೇಕು, ಹಿಂದಿನವಳು ಮುಂದಿನವಳ ಹಿಮ್ಮಡಿ ನೋಡಬೇಕು. ಒಬ್ಬಳು ಎಡಗಾಲಿಟ್ಟಾಗ ಇನ್ನೊಬ್ಬಳು ಬಲಗಾಲಿಟ್ಟರೆ ಕಲ್ಲು ತೂಗಾಡಿ ಇಬ್ಬರನ್ನೂ ಕೆಡವುತ್ತದೆ. ಮದುವೆಯಾದ ಗಂಡನ ಜೊತೆಗೂ ಇಷ್ಟು ಹೊಂದಿಕೊಂಡು ನಡೆದ ಹೆಂಗಸು ಆ ಊರಲ್ಲಿ ಇರಲಿಲ್ಲ.

ಕಲ್ಲೆಲ್ಲ ಗೋರಿಕಲ್ಲು. ಕಡಲಾಚೆ ಜಪಾನಿನಲ್ಲಿ ಸತ್ತವರಿಗೆ. ಕಂಡು ಕೇಳಿಲ್ಲದ ಯಾರೋ ಸತ್ತರೆ ಅವರಿಗೆ ಕನ್ನಡಿಯಂತೆ ಉಜ್ಜಿದ ಕಲ್ಲು. ಅದನ್ನು ಹೊತ್ತವಳು ಸತ್ತರೆ ಏಳನೆಯ ಸಾಲು.

ಬೊಂಗ್‌ಚಿ ಹನ್ನೊಂದು ವರ್ಷದಿಂದ ಅಡ್ಡೆಯ ಮುಂದಿನ ತುದಿ ಹಿಡಿದಿದ್ದಳು. ಬೊಂಗ್‌ಚಿ ಅಂದರೆ 'ಹೇಗೋ ಸಾಕಿಕೊಳ್ಳಿ' ಅಂತ. ನಾಲ್ಕನೆಯದೂ ಹೆಣ್ಣಾದಾಗ ಅವಳಪ್ಪ ಹಾಗಂದು ಎದ್ದುಹೋದನಂತೆ, ಅದೇ ಹೆಸರಾಯಿತು. ಈಗ ನಲವತ್ತೇಳು. ಗಂಡನನ್ನು ಕಡಲು ನುಂಗಿತ್ತು. ಗಂಡನ ಕಡೆಯಿಂದ ಲೆಕ್ಕ ಹಾಕಿದರೆ ಧಣಿಗೆ ಅವಳು ಚಿಕ್ಕಮ್ಮನಾಗಬೇಕು. ಧಣಿ ಅವಳನ್ನು ದಿನವೂ "ಏಯ್" ಅಂತಲೇ ಕರೆಯುತ್ತಿದ್ದ. "ಚಿಕ್ಕಮ್ಮಾ" ಅಂದರೆ ಏನೋ ಗಂಡಾಂತರ ಕಾದಿದೆ ಅಂತ ಅರ್ಥ.

ಹಿಂದಿನ ತುದಿ ಸ್ಯುಥೋಳದು. ಅವಳಿಗೆ ಮೂವತ್ತೆಂಟು. ಬಾಯಿ ಜೋರು. ಎಂಬತ್ತು ಸೇರಿನ ಕಲ್ಲು ಹೆಗಲ ಮೇಲಿದ್ದರೂ ಅವಳ ಮಾತು ನಿಲ್ಲುತ್ತಿರಲಿಲ್ಲ.

"ಅಕ್ಕಾ, ಈ ಕಲ್ಲು ಯಾವುದೋ ದಢೂತಿ ಸೆಟ್ಟಿದಿರಬೇಕು ಕಣೆ. ಸತ್ತ ಮೇಲೂ ಇಷ್ಟು ಭಾರ ಅವ್ನೆ."

"ಮುಚ್ಕೊಂಡು ನಡಿಯೇ. ಉಸಿರು ಉಳಿಸ್ಕೊ."

"ಉಳ್ಸಿ ಯಾರಿಗೆ ಕೊಡ್ಲಿ? ಧಣೀಗಾ?"

ಕಾಗದಕ್ಕೆ ಹೆಬ್ಬೆಟ್ಟು ಬಿದ್ದು ಆರು ವರ್ಷವಾಗಿತ್ತು. ಒಬ್ಬೊಬ್ಬಳನ್ನೇ ಒಳಗೆ ಕರೆದು, ಕೆಂಪು ಮಸಿಯ ಡಬ್ಬಿ ಮುಂದಿಟ್ಟು, ಒತ್ತು ಅಂದರು. ಒತ್ತಿದರು. ಒತ್ತದವಳಿಗೆ ನಾಳೆಯಿಂದ ಅಡ್ಡೆ ಇಲ್ಲ. ಅಡ್ಡೆ ಇಲ್ಲದವಳ ಮಡಕೆಯಲ್ಲಿ ಗೆಣಸಿನ ಗಂಜಿಯೂ ಇಲ್ಲ. ಇದನ್ನು ಬುನ್‌ಹೋಕ್ ಒಪ್ಪಂದ ಅಂತ ಕರೆದ. ಕುತ್ತಿಗೆ ಹಿಡಿದು ತಲೆಯಾಡಿಸಿದರೆ ಅದೂ ಒಪ್ಪಿಗೆಯೇ ಅಲ್ಲವೇ.

ಒಂದು ಮಧ್ಯಾಹ್ನ ಲಾರಿ ಡ್ರೈವರ್ ಪೆಂಗ್ ಆಫೀಸಿನ ಗೋಡೆಗೆ ಅಂಟಿಸಿದ್ದ ಆ ಕಾಗದ ಓದಿ ನಕ್ಕಿದ್ದ. ಅವನು ಒಳನಾಡಿನವನು, ನಾಲ್ಕೂರಿನ ನೀರು ಕುಡಿದವನು.

"ನಮ್ ಕಡೆ ಗಣಿಗಳಲ್ಲೂ ಇಂಥದ್ದೇ ಬರೆಸ್ಕೋತಾರೆ. ಕೋರ್ಟಲ್ಲಿ ಇದು ಮೂಗು ಒರ್‍ಸೋಕೂ ಬರಲ್ಲ. ಮನುಷ್ಯನ ಜೀವ ಬರೆದು ಕೊಡೋಕೆ ಅದೇನು ಹಂದೀನಾ?"

ಹೆಂಗಸರು ಅವನ ಮುಖ ನೋಡಿದರು. ಯಾರೂ ನಗಲಿಲ್ಲ.

"ಕೋರ್ಟಿನ ಮಾತಲ್ಲ ಕಣಪ್ಪ," ಅಂದಳು ಬೊಂಗ್‌ಚಿ. "ಇದನ್ನ ಕುವಾನ್ ದೇವ್ರ ಮುಂದೆ ಸುಟ್ಟವ್ರೆ."

ಪೆಂಗ್‌ಗೆ ಅದು ತಿಳಿಯಲಿಲ್ಲ. ಬುನ್‌ಹೋಕ್‌ಗೆ ಚೆನ್ನಾಗಿ ತಿಳಿದಿತ್ತು. ಸರ್ಕಾರದ ಕಾನೂನು ಈ ಕಾಗದವನ್ನು ಹಿಡಿಯುವುದಿಲ್ಲ ಅಂತ ಅವನಿಗೆ ಪೆಂಗ್‌ಗಿಂತ ಮೊದಲೇ ಗೊತ್ತು. ಅದಕ್ಕೇ ಅದರದೊಂದು ನಕಲನ್ನು ಎದುರು ರಸ್ತೆಯ ಗುಡಿಗೆ ಒಯ್ದ. ಮೂವತ್ತಾರು ಹೆಂಗಸರನ್ನೂ ಮಂಡಿಯೂರಿಸಿದ. ಕುವಾನ್ ದೇವರು ಮಾತಿನ ದೇವರು. ಕೆಂಪು ಮೋರೆ, ನೀಳ ಗಡ್ಡ, ಕೈಯಲ್ಲಿ ಕತ್ತಿ. ಅವನ ಮುಂದೆ ಸುಟ್ಟ ಕಾಗದ ಅವನ ಕೈ ಸೇರುತ್ತದೆ, ಕೊಟ್ಟ ಮಾತಿಗೆ ತಪ್ಪಿದವರ ಮನೆಯಲ್ಲಿ ಮಕ್ಕಳು ಉಳಿಯುವುದಿಲ್ಲ ಅಂತ ಊರಿನ ನಂಬಿಕೆ. ಊದುಬತ್ತಿ ಹೊಗೆಯಾಡಿತು, ಕಾಗದ ಉರಿದು ಬೂದಿಯಾಯಿತು, ಹೊರಗೆ ಪಟಾಕಿ ಸಿಡಿಯಿತು. ದೇವರು ದೊಡ್ಡವನು. ಅದಕ್ಕೇ ಕುಳ್ಳ ಮನಸ್ಸಿನವರು ಅವನ ಹೆಗಲೇರಿ ಎತ್ತರ ಕಾಣುತ್ತಾರೆ.

ಅಲ್ಲಿಂದೀಚೆಗೆ ನಾಲ್ವರಿಗೆ ಪೆಟ್ಟಾಯಿತು. ಒಬ್ಬಳ ಮೂರು ಬೆರಳು ಹೋದವು. ಒಬ್ಬಳ ಕಣ್ಣಿಗೆ ಕಲ್ಲಿನ ಚೂರು ಹೊಕ್ಕಿತು. ಒಬ್ಬಳ ಬೆನ್ನು ಮುರಿಯಿತು. ಒಬ್ಬಳು ಬಸುರಿ, ಅದರ ಮಾತು ಬೇಡ. ನಾಲ್ವರೂ ಬಾಯಿ ಬಿಡಲಿಲ್ಲ. ಧಣಿಗೆ ಹೆದರಿ ಅಲ್ಲ. ಮಕ್ಕಳಿಗೆ ಹೆದರಿ.

ಐದನೆಯ ಸರದಿ ಸ್ಯುಥೋಳದಾಯಿತು.

ಬೆಳಿಗ್ಗೆ ಎಂಟು ಗಂಟೆ. ಪೆಂಗ್‌ನ ಲಾರಿಗೆ ಕಲ್ಲು ತುಂಬುತ್ತಿದ್ದರು. ಮಧ್ಯಾಹ್ನದೊಳಗೆ ಶ್ಯಾಮೆನ್ ಬಂದರಿಗೆ ಮುಟ್ಟಬೇಕಿತ್ತು. ಹದಿನಾಲ್ಕು ಕಲ್ಲು ಏರಿದ್ದವು. ಹದಿನೈದನೆಯದನ್ನು ಹೊತ್ತು ಇಬ್ಬರೂ ಹಲಗೆ ಹತ್ತುತ್ತಿದ್ದರು. ಹಗ್ಗ ಸವೆದು ನಾರಾಗಿತ್ತು. ಬೊಂಗ್‌ಚಿ ಅದನ್ನು ಧಣಿಗೆ ಮೂರು ಸಲ ತೋರಿಸಿದ್ದಳು. ಮೂರನೆಯ ಸಲ ಅವನು, "ನಿನ್ನ ಸೊಂಟದ ಬೆಳ್ಳಿ ಪಟ್ಟಿ ಬಿಚ್ಚಿ ಕಟ್ಕೊ," ಅಂತ ನಕ್ಕಿದ್ದ.

ಹಲಗೆಯ ನಡುವೆ ಹಗ್ಗ ಕಿತ್ತುಹೋಯಿತು. ಬೊಂಗ್‌ಚಿಯ ಹೆಗಲು ಒಮ್ಮೆಲೇ ಹಗುರಾಯಿತು. ಹನ್ನೊಂದು ವರ್ಷದಲ್ಲಿ ಹೆಗಲು ಹಾಗೆ ಹಗುರಾದದ್ದು ಅದೇ ಮೊದಲು. ತಿರುಗಿದಳು. ಕಲ್ಲು ಜಾರಿ ಸ್ಯುಥೋಳ ಎಡಗಾಲಿನ ಮೇಲೆ ಕೂತಿತ್ತು. ಮೊಣಕಾಲಿನ ಕೆಳಗೆ ಕಾಲು ಇರಬೇಕಾದಲ್ಲಿ ಕಲ್ಲಿತ್ತು.

ಆರು ಜನ ಸೇರಿ ಕಲ್ಲೆತ್ತಿದರು. ಊರಿನ ಮೂಳೆ ಕಟ್ಟುವವನು ಬಂದ, ನೋಡಿದ, ಹಿಂದೆ ಸರಿದ. "ಇದು ನನ್ ಕೈದಲ್ಲ. ಚ್ವಾನ್‌ಚೋ ದೊಡ್ಡಾಸ್ಪತ್ರೆಗೆ ಹಾಕ್ಕೊಂಡ್ ಹೋಗಿ. ಈಗಲೇ," ಅಂದ.

ಧಣಿಯ ವ್ಯಾನು ಆಫೀಸಿನ ಮುಂದೆ ನೆರಳಲ್ಲಿ ನಿಂತಿತ್ತು. ಬೀಗದ ಕೈ ಧಣಿಯ ಜೇಬಲ್ಲಿ. ಧಣಿ ಒಳಗೆ ಕೂತು ಪುಟ್ಟ ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದ. ಬೊಂಗ್‌ಚಿ ಓಡಿ ಬಾಗಿಲಲ್ಲಿ ನಿಂತಳು.

"ಬಾ ಚಿಕ್ಕಮ್ಮಾ," ಅಂದ. "ಕೂತ್ಕೊ. ಚಹಾ ಕುಡಿ."

ಹನ್ನೊಂದು ವರ್ಷದಲ್ಲಿ ಆ ಬಟ್ಟಲು ಅವಳ ಕಡೆಗೆ ಸರಿದದ್ದೂ ಅದೇ ಮೊದಲು.

"ವ್ಯಾನು ಕೊಡಪ್ಪ. ಕಾಲು ಕಪ್ಪಾಗ್ತಾ ಅದೆ."

"ಕೊಡ್ತೀನಿ. ನಾನೇನು ಕಟುಕನಾ? ಆದ್ರೆ ಸುಮ್ನೆ ವ್ಯಾನು ಕೊಟ್ರೆ ತಪ್ಪು ನಂದು ಅಂತ ಆಗ್ತದೆ. ಊರ್ ಬಾಯಿ ನಿಂಗೊತ್ತಲ್ಲ. ಒಂದ್ ಸಣ್ ಕಾಗದ. ನೀನು ಕಣ್ಣಾರೆ ಕಂಡೋಳು. ಒಂದ್ ಹೆಬ್ಬೆಟ್ಟು ಹಾಕ್ಬುಡು, ಬೀಗದ ಕೈ ತಗೋ."

ಗುಮಾಸ್ತ ಬರೆಯಲು ಕೂತ. ಮೊದಲನೆಯದರಲ್ಲಿ ಮಸಿ ಚೆಲ್ಲಿತು, ಇನ್ನೊಂದು ಬರಿ ಅಂದ ಧಣಿ. ಎರಡನೆಯದರಲ್ಲಿ ತಾರೀಕು ತಪ್ಪಿತು. ಹೊರಗೆ ಸ್ಯುಥೋ ಕಿರುಚುತ್ತಿದ್ದಳು. ಗುಮಾಸ್ತ ಬಾಗಿಲ ಕಡೆ ನೋಡಿ ನೋಡಿ ಬರೆಯುತ್ತಿದ್ದ, ಧಣಿಯ ಕೈಯಲ್ಲಿ ಚಹಾ ಒಂದು ತೊಟ್ಟೂ ತುಳುಕಲಿಲ್ಲ. ಬೊಂಗ್‌ಚಿ ನಿಂತೇ ಇದ್ದಳು. ಯಾಕೆ ನಿಂತೆ, ಯಾಕೆ ಅವನ ಜೇಬಿಗೆ ಕೈಹಾಕಿ ಬೀಗದ ಕೈ ಕಿತ್ತುಕೊಳ್ಳಲಿಲ್ಲ ಅಂತ ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಕೇಳಿಕೊಂಡಳು. ಕಾಗದದ ಎದುರು ಕೈಕಟ್ಟಿ ನಿಂತು ಅಭ್ಯಾಸವಾಗಿತ್ತು, ಅಷ್ಟೇ.

ಮೂರನೆಯ ಕಾಗದ ತಯಾರಾಯಿತು. ಮಸಿಯ ಡಬ್ಬಿ ತೆರೆಯಿತು. ಹೆಬ್ಬೆರಳು ಕೆಂಪಾಯಿತು.

"ಓದು," ಅಂದಳು ಗುಮಾಸ್ತನಿಗೆ.

ಅವನು ಧಣಿಯ ಮುಖ ನೋಡಿ ಓದಿದ. "ಸದರಿ ಸ್ಯುಥೋ ಎಂಬವಳು ಹರಟೆ ಹೊಡೆಯುತ್ತಾ ಅಜಾಗರೂಕತೆಯಿಂದ ನಡೆದು ತನ್ನ ಕಾಲಿಗೆ ತಾನೇ ಹಾನಿ ಮಾಡಿಕೊಂಡಿರುತ್ತಾಳೆ. ಹಗ್ಗವು ಸುಸ್ಥಿತಿಯಲ್ಲಿತ್ತು. ಹಿಂದಿನ ಒಪ್ಪಂದದಂತೆ ಯಾರೂ ಏನೂ ಕೇಳತಕ್ಕದ್ದಲ್ಲ."

ಹಗ್ಗವು ಸುಸ್ಥಿತಿಯಲ್ಲಿತ್ತು. ಬೊಂಗ್‌ಚಿ ಹೊರಗೆ ನೋಡಿದಳು. ಸ್ಯುಥೋ ಈಗ ಕಿರುಚುತ್ತಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಆ ಬಾಯಿ ಸುಮ್ಮನಾಗಿದ್ದನ್ನು ಅವಳು ಕಂಡೇ ಇರಲಿಲ್ಲ.

ಹೆಬ್ಬೆರಳನ್ನು ತನ್ನ ಕರಿ ಷರಾಯಿಗೆ ಒರೆಸಿಕೊಂಡಳು.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಅಂದೆ. ಸುಳ್ಳಿಗೆ ಒತ್ತಲ್ಲ."

ಬುನ್‌ಹೋಕ್ ಬಟ್ಟಲು ಕೆಳಗಿಟ್ಟ. ಚಿಕ್ಕಮ್ಮ ಹೋಗಿ ಏಯ್ ಬಂತು. "ಏಯ್. ಮೊದಲ್ನೇದಕ್ಕೆ ಒತ್ತಿದೀಯ. ದೇವ್ರ ಮುಂದೆ ಮಂಡಿಯೂರಿದೀಯ. ಈಗ ಮಾತು ತಪ್ತೀಯಾ? ನಿನ್ ಮಗ ಕಡಲ ಮೇಲವ್ನೆ, ನೆನಪಿರ್ಲಿ."

ಇನ್ನೊಬ್ಬಳಾಗಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ಬೊಂಗ್‌ಚಿಯೂ ಕುಸಿಯುತ್ತಿದ್ದಳೋ ಏನೋ. ಆದರೆ ಮಗನ ಹೆಸರು ಬಂದದ್ದೇ ಅವಳ ಬುದ್ಧಿ ಬೇರೆ ಕಡೆ ಹೊರಳಿತು. ಮಗನನ್ನು ದೋಣಿಗೆ ಕಳಿಸುವ ಮುಂಚೆ ಅವಳು ಆ ಗುಡಿಯಲ್ಲಿ ಮೂರು ಸಲ ಅಪ್ಪಣೆ ಕೇಳಿದ್ದಳು. ಅರ್ಧಚಂದ್ರದಂಥ ಎರಡು ಬಿದಿರು ತುಂಡು ಎಸೆಯಬೇಕು. ಒಂದು ಕವುಚಿ ಒಂದು ಅಂಗಾತ ಬಿದ್ದರೆ ದೇವರು ಹೂಂ ಅಂದ ಹಾಗೆ. ಹಾಗೆ ಸಾಲಾಗಿ ಮೂರು ಸಲ ಬಿದ್ದರೆ ಮಾತ್ರ ಒಪ್ಪಿಗೆ. ಅದಿಲ್ಲದೆ ಅಲ್ಲಿ ಒಂದು ಹರಕೆಯೂ ಹರಕೆಯಲ್ಲ. ಧಣಿ ಕಾಗದ ಸುಟ್ಟ ದಿನ ಪಟಾಕಿ ಹೊಡೆದದ್ದು ನೆನಪಾಯಿತು. ಹೊಗೆ ನೆನಪಾಯಿತು. ಬಿದಿರು ನೆಲಕ್ಕೆ ಬಿದ್ದ ಸದ್ದು ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

ಅವಳು ರಸ್ತೆ ದಾಟಿದಳು. ಹೆಂಗಸರು ಹಿಂದೆ ಬಂದರು. ಇಬ್ಬರು ಮಾತ್ರ ಸ್ಯುಥೋಳ ತಲೆಯ ಬಳಿ ಉಳಿದರು. ಗುಡಿಯ ಕಟ್ಟೆಯಲ್ಲಿ ಪೂಜೆ ನೋಡಿಕೊಳ್ಳುವ ಕಿಮ್‌ಸಿಂಗ್ ತಾತ ಊದುಬತ್ತಿ ಕಟ್ಟುತ್ತಿದ್ದ.

"ತಾತ, ಆರು ವರ್ಷದ ಹಿಂದೆ ಧಣಿ ಇಲ್ಲಿ ಕಾಗದ ಸುಟ್ನಲ್ಲ. ಆವತ್ತು ಬಿದಿರು ಹಾಕಿ ಅಪ್ಪಣೆ ಕೇಳಿದ್ನಾ?"

ತಾತ ಕಣ್ಣು ಕಿರಿದು ಮಾಡಿದ. "ಇಲ್ಲಮ್ಮ. ನಾನು ಎರಡೂ ತುಂಡು ಕೈಗೆ ಕೊಡಕ್ಕೆ ಹೋದೆ. ಹೊತ್ತಾಯ್ತು, ಬಂದರಿಗೆ ಹೋಗ್ಬೇಕು ಅಂದ. ಪಟಾಕಿ ಹಚ್ಚಿ ಹೊರಟೋದ."

"ಮತ್ತೆ ನೀನ್ಯಾಕೆ ಬಾಯ್ ಬಿಡಲಿಲ್ಲ?"

"ಯಾರೂ ಕೇಳ್ಲಿಲ್ಲ," ಅಂದ ತಾತ. ಆಮೇಲೆ ತಲೆ ತಗ್ಗಿಸಿ ನಿಜ ಹೇಳಿದ: "ಗುಡಿಗೆ ಹೊಸ ಹೆಂಚು ಹಾಕ್ಸಿದ್ದು ಅವನೇ ಕಣಮ್ಮ."

ಹೆಂಗಸರ ನಡುವೆ ಒಂದು ಸದ್ದು ಹುಟ್ಟಿತು. ಬೆರಳು ಹೋದವಳು ಅಲ್ಲಿದ್ದಳು. ಅವಳೇ ಮೊದಲು ಮಾತಾಡಿದಳು. "ಹಂದಿಮರಿ ಕೊಳ್ಳಕ್ಕೂ ಮೂರು ಸಲ ಕೇಳ್ತೀವಲ್ಲೇ. ನಮ್ ಜೀವಕ್ಕೆ ಒಂದ್ಸಲನೂ ಕೇಳ್ಲಿಲ್ವಾ ಈ ಬೇವರ್ಸಿ?"

ಬುನ್‌ಹೋಕ್ ರಸ್ತೆ ದಾಟಿ ಬಂದಿದ್ದ. ಬೊಂಗ್‌ಚಿ ದೇವರ ಮುಂದಿನ ಮಣೆಯಿಂದ ಬಿದಿರು ತುಂಡುಗಳನ್ನು ಎತ್ತಿ, ಎರಡು ಕೈಯಲ್ಲೂ ಹಿಡಿದು ಅವನ ಮುಂದೆ ಚಾಚಿದಳು. ಧಣಿಯ ಮುಂದೆ ಚಾಚಿದಂತೆ ಕಂಡರೂ ಅವಳ ಕಣ್ಣು ದೇವರ ಮೇಲಿತ್ತು.

"ತಗೋ. ಈಗ ಕೇಳು. ಬಡವ್ರ ಕೈಕಾಲು ಹೋದ್ರೆ ನಾನು ಹೊಣೆಯಲ್ಲ, ನಿಂಗೆ ಒಪ್ಪಿಗೆನಾ ಅಂತ ಬಾಯ್ಬಿಟ್ಟು ಕೇಳು. ಮೂರ್ ಸಲ ಹೂಂ ಅಂದ್ರೆ ನಿನ್ ಮೂರೂ ಕಾಗದಕ್ಕೆ ಒತ್ತೀನಿ."

ಬುನ್‌ಹೋಕ್ ಬಿದಿರು ತೆಗೆದುಕೊಂಡ. ಕೆಂಪು ಮೋರೆಯನ್ನು ನೋಡಿದ. ಅವನ ಮೇಲ್ತುಟಿಯ ಮೇಲೆ ಬೆವರು ಮೂಡಿತು. ಬಿದಿರನ್ನು ಮಣೆಯ ಮೇಲೆ ಇಟ್ಟುಬಿಟ್ಟ.

"ಇದೆಲ್ಲ ಮೂಢನಂಬಿಕೆ. ಕಾಲ ಎಷ್ಟು ಮುಂದೆ ಹೋಗಿದೆ, ನೀವಿನ್ನೂ ಬಿದಿರು ಎಸೀತಾ ಕೂತಿದೀರ."

"ಹಂಗಾದ್ರೆ ನಿನ್ ಕಾಗದನೂ ಮೂಢನಂಬಿಕೆ," ಅಂದಳು ಬೊಂಗ್‌ಚಿ. "ಕೋರ್ಟಿಗೆ ಬೇಡ, ದೇವ್ರಿಗೆ ಬೇಡ. ಇಷ್ಟ್ ದಿನ ಅದನ್ನ ಹೊತ್ತಿದ್ದು ನಾವ್ ಮಾತ್ರ."

ಅವಳು ದೇವರಿಗೆ ಕೈಮುಗಿದಳು. ತಡವಾಗಿ ಕೇಳಿದ್ದಕ್ಕೆ ತಪ್ಪಾಯಿತು ಅಂದಳು. ಆಮೇಲೆ ಹೊರಗೆ ಬಂದು ಪೆಂಗ್‌ನನ್ನು ಕೂಗಿದಳು. "ಡ್ರೈವರಣ್ಣಾ, ಲಾರಿ ತಗಿ."

"ಕಲ್ಲಿದೆ ಅದ್ರಲ್ಲಿ!" ಧಣಿ ಕಿರುಚಿದ. "ನನ್ ಮಾಲು ಹೊತ್ಕೊಂಡು ಗೇಟು ದಾಟಿದ್ರೆ ಕಳ್ಳತನದ ಕೇಸು ಹಾಕಿಸ್ತೀನಿ!"

ಪೆಂಗ್ ಬಾಗಿಲು ಹಿಡಿದು ನಿಂತ. ಕೇಸು ಅಂದರೆ ಅವನಿಗೂ ಭಯವಿತ್ತು.

"ನಿನ್ ಕಲ್ಲು ನಿಂಗೇ ಇರ್ಲಿ ಕಣೋ," ಅಂದಳು ಬೊಂಗ್‌ಚಿ.

ಉಳಿದ ಹೆಂಗಸರೆಲ್ಲ ಲಾರಿಗೆ ಕೈಹಾಕಿದರು. ಹದಿನಾಲ್ಕು ಕಲ್ಲು. ಏರಿಸಲು ಒಂದು ಗಂಟೆ ಹಿಡಿದದ್ದು ಇಳಿಸಲು ಕಾಲು ಗಂಟೆ ಹಿಡಿಯಿತು. ಅಡ್ಡೆ ಹಾಕಲಿಲ್ಲ, ಹಗ್ಗ ಕಟ್ಟಲಿಲ್ಲ, ಹಲಗೆಯ ಮೇಲೆ ಜಾರಿಸಿದರು. ಮೂಲೆ ಒಡೆದವು. ಉಜ್ಜಿದ ಮುಖಗಳ ಮೇಲೆ ಗೀರು ಬಿದ್ದವು. ಖಾಲಿ ಲಾರಿಗೆ ಹುಲ್ಲು ಹಾಸಿ, ಬಾಗಿಲ ಹಲಗೆಯೊಂದನ್ನು ಕಿತ್ತು ಅದರ ಮೇಲೆ ಸ್ಯುಥೋಳನ್ನು ಏರಿಸಿದರು. ಹೊರುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ.

ದಾರಿಯಲ್ಲಿ ಸ್ಯುಥೋ ಒಮ್ಮೆ ಕಣ್ಣು ಬಿಟ್ಟಳು. "ಅಕ್ಕಾ, ಮಾತು ತಪ್ಪಿದ್ವಾ? ನನ್ ಮಗಳಿಗೆ ಏನಾರಾ ಆಯ್ತದಾ?"

"ಏನೂ ಆಗಲ್ಲ. ದೇವ್ರನ್ನ ಯಾರೂ ಕೇಳೇ ಇರ್ಲಿಲ್ಲವಂತೆ."

"ಥೂ ಅವನ!" ಅಂದಳು ಸ್ಯುಥೋ. ಮತ್ತೆ ಎಚ್ಚರ ತಪ್ಪಿತು.

ಡಾಕ್ಟರು ಮೊಣಕಾಲಿನ ಕೆಳಗೆ ಕತ್ತರಿಸಿದ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ, "ಒಂದು ತಾಸು ಮುಂಚೆ ತಂದಿದ್ರೆ ಕಾಲು ಉಳೀತಿತ್ತೋ ಏನೋ," ಅಂದ. ಒಂದು ತಾಸು. ಮಸಿ ಚೆಲ್ಲಿದ ಒಂದು ಕಾಗದ, ತಾರೀಕು ತಪ್ಪಿದ ಒಂದು ಕಾಗದ, ಚೆಂದವಾಗಿ ಬರೆದ ಒಂದು ಕಾಗದ.

ನಾಲ್ಕನೆಯ ದಿನ ಬೊಂಗ್‌ಚಿ ಸರ್ಕಾರದ ಕಾರ್ಮಿಕ ಕಚೇರಿಗೆ ಹೋದಳು. ಒಬ್ಬಳೇ ಅಲ್ಲ, ಬೆರಳಿಲ್ಲದವಳು, ಕಣ್ಣಿಲ್ಲದವಳು, ಬೆನ್ನು ಮುರಿದವಳು, ಹೊಟ್ಟೆಯಲ್ಲಿದ್ದದ್ದನ್ನು ಕಳಕೊಂಡವಳು ಎಲ್ಲರೂ ಜೊತೆಗಿದ್ದರು. ಅವರು ಗೋಡೆಯಿಂದ ಕಿತ್ತು ತಂದಿದ್ದ ಏಳು ಸಾಲನ್ನು ಕನ್ನಡಕದ ಅಧಿಕಾರಿಣಿ ಓದಿ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

"ಏಳನೇ ಸಾಲು ಹುಟ್ಟುವಾಗಲೇ ಸತ್ತಿದೆ. ನೀವು ಒತ್ತಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ಕೆಲಸ ಮಾಡಿಸೋನು ಹೊಣೆಯಿಂದ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ."

"ಅದು ನಿಮಗೆ ಎಷ್ಟ್ ದಿನದಿಂದ ಗೊತ್ತು ತಾಯಿ?"

"ಮೊದಲಿಂದಲೂ ಕಾನೂನು ಹಾಗೇ ಇದೆ."

"ನಮ್ಮೂರಿಗೆ ಬಸ್ಸು ಅದೆ," ಅಂದಳು ಬೊಂಗ್‌ಚಿ. "ಮುಕ್ಕಾಲು ಗಂಟೆ ದಾರಿ. ಆರು ವರ್ಷದಲ್ಲಿ ಒಂದ್ಸಲ ಬಂದು ಹೇಳಿದ್ರೆ ನಿಮ್ ಕಾನೂನಿನ ಕಾಲೇನು ಸವೀತಿತ್ತಾ?"

ಅಧಿಕಾರಿಣಿ ಪೆನ್ನು ತೆಗೆದಳು. ಹೆಸರು ಬರೆದುಕೊಳ್ಳತೊಡಗಿದಳು. ಸ್ಯುಥೋಳದೂ ಸೇರಿ ಐದು ಹೆಸರು.

ಹನ್ನೊಂದನೆಯ ದಿನ ಬುನ್‌ಹೋಕ್ ಆಸ್ಪತ್ರೆಗೆ ಬಂದ. ಕಚೇರಿಯಿಂದ ಅವನಿಗೆ ಓಲೆ ಹೋಗಿತ್ತು. ಕೈಯಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ. ಹಿಂದೆ ಗುಮಾಸ್ತ. ಗುಮಾಸ್ತನ ಕಂಕುಳಲ್ಲಿ ಒಂದು ಹೊಸ ಕಾಗದ.

"ಚಿಕ್ಕಮ್ಮಾ, ಸ್ಯುಥೋ, ಹೆಂಗಿದೀರಮ್ಮಾ? ನಾವೆಲ್ಲ ಒಂದೇ ಊರೋರು. ಕಚೇರಿಗಿಚೇರಿ ಅಂತ ಯಾಕೆ? ನಮ್ನಮ್ಮಲ್ಲೇ ಒಂದು ಒಪ್ಪಂದ ಮಾಡ್ಕೊಳ್ಳೋಣ. ಬರೆಸ್ಕೊಂಡೇ ಬಂದಿದೀನಿ."

ಬೊಂಗ್‌ಚಿ ಎದ್ದು ನಿಂತಳು. ಬಾಯಿ ತೆರೆಯುವಷ್ಟರಲ್ಲಿ ಸ್ಯುಥೋ ಅವಳ ಸೆರಗಿನಂತಿದ್ದ ತಲೆವಸ್ತ್ರದ ತುದಿ ಹಿಡಿದು ಎಳೆದಳು.

"ಬಿಡಕ್ಕ. ಕೂತ್ಕೊ." ದಿಂಬಿಗೆ ಒರಗಿ ಧಣಿಯ ಕಡೆ ತಿರುಗಿದಳು. "ಅದನ್ನ ಮಡಚಿ ಜೇಬಿಗಿಟ್ಕೊ. ಬರೆಯೋದೇ ಆದ್ರೆ ನಾನು ಹೇಳ್ತೀನಿ, ನೀನು ಬರಿ. ಗುಮಾಸ್ತ ಅಲ್ಲ, ನಿನ್ ಕೈಲೇ. ಬರಿ: ಕಲ್ಲು ನಂದು. ಹಗ್ಗ ನಂದು. ಹಗ್ಗ ಸವೆದದೆ ಅಂತ ಬೊಂಗ್‌ಚಿ ಮೂರ್ ಸಲ ಹೇಳಿದ್ಲು. ನಾನು ನಕ್ಕೆ. ಕಾಲು ಹೋಗ್ತಿದ್ದಾಗ ನಾನು ಚಹಾ ಕುಡೀತಿದ್ದೆ."

ಬುನ್‌ಹೋಕ್ ನಗಲು ನೋಡಿದ. ಆ ಕೋಣೆಯಲ್ಲಿ ಎಂಟು ಮಂಚವಿತ್ತು. ಎಂಟರಲ್ಲೂ ಎಲ್ಲಿಂದಲೋ ಬಿದ್ದವರು, ಎಲ್ಲೋ ಸಿಕ್ಕಿಕೊಂಡವರು. ಎಲ್ಲರೂ ಇತ್ತಲೇ ತಿರುಗಿದ್ದರು. ಗುಮಾಸ್ತ ತನ್ನ ಪೆನ್ನು ತೆಗೆದು, ಕಾಗದದ ಖಾಲಿ ಬೆನ್ನನ್ನು ಮೇಲೆ ಮಾಡಿ, ಧಣಿಯ ಮುಂದೆ ಸ್ಟೂಲಿನ ಮೇಲಿಟ್ಟ.

"ನೀನು ಈಗ ನೋವಲ್ಲಿದೀಯ," ಅಂದ ಧಣಿ. "ಇನ್ನೊಂದಿನ ಬರ್ತೀನಿ."

"ಇವತ್ತೇ ಆಗ್ಲಿ. ನಿಧಾನ್ವಾಗಿ ಬರಿ," ಅಂದಳು ಸ್ಯುಥೋ. "ನಾನೇನು ಎಲ್ಲಿಗೂ ನಡ್ಕೊಂಡು ಹೋಗೋ ಅವಸರದಲ್ಲಿಲ್ಲ."